ಮಕ್ಕಳ ಬಸ್ಸು, ಸಾರ್ವಜನಿಕರ ದುಡ್ಡು
(ಬಾಂದ್ರಾದಲ್ಲಿ ನಡೆದ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವಷ್ಟು ವಿದ್ಯೆ ನಮಗಿಲ್ಲ. ಏಳನೆಯ ತರಗತಿ ಮುಗಿಸಿ ಊರು ಬಿಟ್ಟು, ಇದೇ ಬಾಂದ್ರಾದ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯಲು ನಿಂತವರು ನಾವು. ಆಮೇಲೆ ಮೂರು ವರ್ಷ ಇದ್ದಿಲಿನ ತಂದೂರಿ ಭಟ್ಟಿಯ ಮುಂದೆ ಕಳೆದೆವು. ರಾತ್ರಿ ಮಲಗಿದರೆ ಕೆಮ್ಮು, ಬೆಳಿಗ್ಗೆ ಉಗುಳಿದರೆ ಕಪ್ಪು. ಹೊಗೆ ಎಂದರೆ ಏನೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

2025ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಟ್ಟಿಗೆ, ಇದ್ದಿಲು ಉರಿಸುವ ಬೇಕರಿಗಳು ಆರು ತಿಂಗಳಲ್ಲಿ ಶುದ್ಧ ಇಂಧನಕ್ಕೆ ತಿರುಗಬೇಕೆಂದು ಆಜ್ಞೆ ಮಾಡಿತು. ಮುನಿಸಿಪಾಲಿಟಿಯ ನೋಟೀಸು ಹೋಟೆಲುಗಳ ತಂದೂರಿಗೂ ಬಂತು. ಅದೇ ಆಜ್ಞೆಯಲ್ಲಿ, ಡೀಸೆಲ್ ಮತ್ತು ಪೆಟ್ರೋಲ್ ಗಾಡಿಗಳನ್ನು ಹಂತಹಂತವಾಗಿ ನಿಲ್ಲಿಸಲು ಸಾಧ್ಯವೇ ಎಂದು ತಜ್ಞರ ಸಮಿತಿ ಪರಿಶೀಲಿಸಲಿ ಎಂದೂ ಹೇಳಿತು. ಭಟ್ಟಿಗೆ ಆರು ತಿಂಗಳು, ಗಾಡಿಗೆ ಸಮಿತಿ! ಇರಲಿ. ಭಟ್ಟಿ ಬದಲಾದರೆ ನಮ್ಮ ಎದೆಗೇ ಹಗುರ. ಆದರೆ ಗಾಡಿಯ ಮಾತು ಬಂದಾಗ ಮೊದಲು ಬದಲಾಗಬೇಕಾದ ಗಾಡಿ ಯಾವುದು? ಮಕ್ಕಳನ್ನು ಒಯ್ಯುವ ಹಳದಿ ಬಸ್ಸು ಎಂಬುದು ನಮ್ಮ ಅಭಿಪ್ರಾಯ.

ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲೇ ಸಾರಿದೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಇಂಜಿನು ಗುರುಗುಟ್ಟುತ್ತ ನಿಲ್ಲುವ ಬಸ್ಸುಗಳನ್ನು ನೋಡಿ. ಆ ಹೊಗೆ ಎಳೆಯ ಮಕ್ಕಳ ಮೂಗಿನ ಮಟ್ಟದಲ್ಲೇ ಇರುತ್ತದೆ.

ಕರೆಂಟಿನ ಗಾಡಿ ಮುಂಬಯಿಗೆ ಹೊಸತಲ್ಲ. 1907ರಿಂದ 1964ರ ಮಾರ್ಚ್ 31ರವರೆಗೆ ಇಲ್ಲಿ ವಿದ್ಯುತ್ ಟ್ರಾಮು ಓಡಿತು. ಗಿರಣಿಯಲ್ಲಿ ದುಡಿದ ಹಿರಿಯರ ಬಾಯಲ್ಲಿ ಆ ಟ್ರಾಮಿನ ಮಾತು ಕೇಳಿದ್ದೇವೆ. 2017ರಲ್ಲಿ ಬೆಸ್ಟು ಬ್ಯಾಟರಿ ಬಸ್ಸನ್ನು ರಸ್ತೆಗೆ ತಂದಿತು. ಶಾಲೆಯ ಬಸ್ಸಿಗೆ ಬ್ಯಾಟರಿ ಚೆನ್ನಾಗಿ ಒಗ್ಗುತ್ತದೆ. ಬೆಳಿಗ್ಗೆ ಒಂದು ಓಟ, ಮಧ್ಯಾಹ್ನ ಒಂದು ಓಟ. ಉಳಿದ ಹೊತ್ತು ನಿಂತೇ ಇರುವ ಗಾಡಿ. ನಿಂತಾಗ ಚಾರ್ಜು ಮಾಡಿದರಾಯಿತು.

ತೊಡಕು ಇರುವುದು ದುಡ್ಡಿನಲ್ಲಿ. ಈ ಬಸ್ಸು ಓಡಿಸಲು ಅಗ್ಗ, ಕೊಳ್ಳಲು ದುಬಾರಿ. ಮಾಲೀಕ ತನ್ನ ಕೈಯಿಂದ ಹಾಕಿದರೆ ಆ ಭಾರವನ್ನು ತಂದೆತಾಯಿಯರ ತಲೆಗೆ ಕಟ್ಟುತ್ತಾನೆ. ಅಮೇರಿಕಾದಲ್ಲಿ 2021ರ ಕಾನೂನಿನಿಂದ ಐದು ವರ್ಷಗಳಿಗೆ 500 ಕೋಟಿ ಡಾಲರನ್ನು ಶಾಲಾ ಬಸ್ಸುಗಳಿಗಾಗಿಯೇ ತೆಗೆದಿಟ್ಟರು. ಬಡ ಪ್ರದೇಶದ ಶಾಲೆಗಳಿಗೆ ಮೊದಲ ಮಣೆ ಹಾಕಿದರು. ನಮ್ಮ ಕೇಂದ್ರ ಸರಕಾರವು 2024ರ ಸೆಪ್ಟೆಂಬರಿನಲ್ಲಿ ಪಿ.ಎಂ. ಇ-ಡ್ರೈವ್ ಯೋಜನೆಗೆ 10,900 ಕೋಟಿ ರೂಪಾಯಿ ಮಂಜೂರು ಮಾಡಿತು. ಅದರಲ್ಲಿ 4,391 ಕೋಟಿ 14,028 ವಿದ್ಯುತ್ ಬಸ್ಸುಗಳಿಗೆ. ಆದರೆ ಅದು ಸಾರ್ವಜನಿಕ ಸಾರಿಗೆ ಸಂಸ್ಥೆಗಳಿಗೆ ಮೀಸಲು. ಹಳದಿ ಬಸ್ಸಿಗೆ ಅದರಲ್ಲಿ ಪಾಲಿಲ್ಲ.

ಹಾಗಾದರೆ ಅವರಿಗೂ ಕೊಡಿ ಎಂದು ಕೂಗೋಣವೇ? ಇಲ್ಲಿ ಒಂದು ಗಳಿಗೆ ನಿಲ್ಲೋಣ, ಬಂಧುಗಳೇ. ಈ ಸಭೆಯಲ್ಲಿ ಎಷ್ಟು ಜನರ ಮಕ್ಕಳು ಹಳದಿ ಬಸ್ಸು ಹತ್ತುತ್ತಾರೆ? ಕೈಗಳು ಮೇಲೇಳುವುದಿಲ್ಲ. ನಮ್ಮ ಮಕ್ಕಳು ನಡೆಯುತ್ತಾರೆ, ಇಲ್ಲವೇ ಬೆಸ್ಟಿನಲ್ಲಿ ನೇತಾಡುತ್ತಾರೆ. ಮುನಿಸಿಪಾಲಿಟಿ ಕನ್ನಡ ಮಾಧ್ಯಮದ ಶಾಲೆ ನಡೆಸುತ್ತದೆ, ನಿಜ. ಮಕ್ಕಳ ಸಂಖ್ಯೆ ಇಳಿದು ಅವು ಕಡಿಮೆಯಾಗಿವೆ. ಇದ್ದುದು ಮನೆಯಿಂದ ದೂರವಾಗಿದೆ. ದೂರವೆಂದು ಮಗುವನ್ನು ಬಿಡಿಸಿದರೆ ಸಂಖ್ಯೆ ಇನ್ನೂ ಇಳಿಯುತ್ತದೆ. ಮೇಲೆ, 2025ರ ಮೇ ತಿಂಗಳಲ್ಲಿ ಬೆಸ್ಟಿನ ಕನಿಷ್ಠ ದರ 5 ರೂಪಾಯಿಯಿಂದ 10ಕ್ಕೆ ಏರಿತು. ನಾವು ಕೊಳ್ಳುವ ಸಾಬೂನು, ಬೆಂಕಿಪೆಟ್ಟಿಗೆಯ ಮೇಲಿನ ತೆರಿಗೆಯೂ ಸರಕಾರದ ಬೊಕ್ಕಸಕ್ಕೇ ಹೋಗುತ್ತದೆ. ಆ ದುಡ್ಡಿನಿಂದ ಬಸ್ಸು ಬರುವುದಾದರೆ ಮೊದಲ ಸೀಟು ನಮ್ಮ ಮಕ್ಕಳಿಗೂ ಇರಬೇಕು.

ಇನ್ನೊಂದು ಮಾತು, ಚಾಲಕನದು. 2024ರ ಡಿಸೆಂಬರ್ 9ರ ರಾತ್ರಿ ಕುರ್ಲಾದಲ್ಲಿ ಬೆಸ್ಟಿಗಾಗಿ ಓಡುತ್ತಿದ್ದ ಗುತ್ತಿಗೆಯ ವಿದ್ಯುತ್ ಬಸ್ಸು ಜನರ ಮೇಲೆ ನುಗ್ಗಿ ಹಲವರು ಸತ್ತರು. ಅಂಥ ಬಸ್ಸಿನಲ್ಲಿ ಚಾಲಕನಿಗೆ ಸಾಕಷ್ಟು ತರಬೇತಿಯಿರಲಿಲ್ಲವೆಂದು ಪತ್ರಿಕೆಗಳು ಬರೆದವು. ಹೊಸ ಯಂತ್ರ ತಂದು, ಕಲಿಸದೆ ಕೂರಿಸಿ, ಅನಾಹುತವಾದಾಗ ಕೂಲಿಯವನನ್ನು ಮಾತ್ರ ಹಿಡಿಯುವ ಪದ್ಧತಿ ನಿಲ್ಲಬೇಕು.

ಆದ್ದರಿಂದ ನಮ್ಮ ಬೇಡಿಕೆ ಮೂರು. ಒಂದು: ಸಾರ್ವಜನಿಕ ಹಣ ಮೊದಲು ಮುನಿಸಿಪಲ್ ಶಾಲೆಯ ಮಕ್ಕಳನ್ನು ಒಯ್ಯುವ ವಿದ್ಯುತ್ ಬಸ್ಸಿಗೆ ಬರಲಿ, ದೂರದ ಕನ್ನಡ ಶಾಲೆಗಳೂ ಆ ದಾರಿಯಲ್ಲಿ ಸೇರಲಿ. ಎರಡು: ಖಾಸಗಿ ಮಾಲೀಕನಿಗೆ ಸಹಾಯ ಕೊಡುವುದಾದರೆ ಬಸ್ಸಿನ ಫೀಜನ್ನು ಏರಿಸಬಾರದೆಂಬ ಕರಾರು ಬರೆಯಿಸಿಕೊಳ್ಳಲಿ. ಮೂರು: ಚಾಲಕನಿಗೂ, ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾಗೂ ತರಬೇತಿ ಮತ್ತು ಸರಿಯಾದ ಸಂಬಳ ಆ ಕರಾರಿನಲ್ಲೇ ಇರಲಿ.

ಇದನ್ನು ಅರ್ಜಿಯಾಗಿ ಬರೆದು ನಮ್ಮ ವಾರ್ಡಿನ ಮುನಿಸಿಪಲ್ ಕಚೇರಿಗೆ ಒಯ್ಯೋಣ. ಯಾರ ಮಗು ಎಲ್ಲಿಂದ ಎಲ್ಲಿಗೆ, ಹೇಗೆ ಹೋಗುತ್ತದೆ ಎಂಬ ಪಟ್ಟಿಯನ್ನು ಮುಂದಿನ ರಜೆಯೊಳಗೆ ಸಂಘದಲ್ಲಿ ಬರೆಯಿಸಿ. ಬರಿಯ ಗೋಳಿಗಿಂತ ಪಟ್ಟಿಗೆ ಬಲ ಹೆಚ್ಚು.

ನಾವು ಹೊಗೆ ಕುಡಿದು ಬೆಳೆದೆವು. ನಮ್ಮ ಮಕ್ಕಳು ಹಾಗೆ ಬೆಳೆಯುವುದು ಬೇಡ.