ಕಂತು ತುಂಬ್ಯಾರ ಅಂದ್ರ ಸಾಲ ತೀರೇತಿ ಅಂತಲ್ಲ

ನಾನು ಹಿಪ್ಪರಗಿಯವಳು. ಕೃಷ್ಣಾ ನದಿಯ ಬ್ಯಾರೇಜ್‌ನಿಂದ ನಮ್ಮೂರ ಹೆಸರು ಕೇಳಿರ್ತೀರಿ. ಇವತ್ತಿನ ಮಾತು ಸಂಘದ ಸಾಲದ್ದು.

ನಮ್ಮ ಕಡೆ ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಕೂಲಿ, ಜಮಖಂಡಿ-ಮುಧೋಳದಲ್ಲಿ ಕಬ್ಬಿನ ಬಿಲ್ಲು. ಸೀರೆ ನೇಯ್ದಷ್ಟೇ ಕೂಲಿ, ಕಾರ್ಖಾನೆ ಕೊಟ್ಟಾಗಲೇ ಬಿಲ್ಲು. ಕಂತು ಮಾತ್ರ ವಾರಕ್ಕೋ ತಿಂಗಳಿಗೋ ತಪ್ಪದೆ ಬರುತ್ತೆ. ಮಗ್ಗ ನಿಂತ ವಾರವೂ ಬರುತ್ತೆ.

ಈ ಸಾಲಕ್ಕೆ ಹೊಲ, ಬಂಗಾರ ಅಡ ಇಡೋದಿಲ್ಲ. ಗುಂಪಿನ ಹೆಣ್ಣುಮಕ್ಕಳೇ ಒಬ್ಬರಿಗೊಬ್ಬರು ಜಾಮೀನು. ಒಬ್ಬಾಕಿ ಕಟ್ಟದಿದ್ದರೆ ಉಳಿದವರು ಮನೆಗೆ ಬರ್ತಾರೆ: "ಯಕ್ಕಾ, ನಿನ್ನಿಂದ ನಮಗೂ ಮುಂದಿನ ಸಾಲ ಸಿಗಂಗಿಲ್ಲ." ಮರ್ಯಾದೆಗೆ ಅಂಜಿ ಆಕೆ ಇನ್ನೊಂದು ಸಂಘದಲ್ಲಿ ಸಾಲ ತೆಗೆದು ಈ ಕಂತು ತುಂಬ್ತಾಳೆ. ಲೆಕ್ಕದಲ್ಲಿ ಮರುಪಾವತಿ ಚೊಕ್ಕ. ಮನೆಯಲ್ಲಿ ಸಾಲ ಎರಡು.

ರಿಸರ್ವ್ ಬ್ಯಾಂಕಿನ 2022ರ ನಿಯಮ ಇದಕ್ಕೇ ಮಿತಿ ಹಾಕಿದೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರೋ ಕುಟುಂಬಕ್ಕೆ ಅಡವಿಲ್ಲದೆ ಕೊಡೋದೇ ಮೈಕ್ರೋಫೈನಾನ್ಸ್ ಸಾಲ. ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. 16,000 ಬರೋ ಮನೆಗೆ 8,000ವೇ ಮಿತಿ. ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಬೈಯೋದು, ನೆಂಟರನ್ನು ಕಾಡೋದು, ಹೆಸರು ಬಯಲು ಮಾಡೋದು ನಿಷಿದ್ಧ. ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ.

2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂತು. ನಿಯಮ ಮುರಿದು ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆದರೆ "ಸಂಘದ ಸಾಲ ಎಲ್ಲಾ ಮನ್ನಾ ಆಗೇತಿ" ಅಂತ ಯಾರಾದರೂ ಅಂದ್ರೆ ನಂಬಬೇಡಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಯ ಸಾಲ ಕಟ್ಟಲೇಬೇಕು. ಬಿಟ್ಟರೆ ಮುಂದೆ ಬ್ಯಾಂಕ್ ಸಾಲಕ್ಕೂ ತೊಡಕು.

ಫೋನ್ ನಿಮ್ಮ ಕೈಯಲ್ಲಿದೆ. ಇವತ್ತೇ ಅವ್ವನ ಸಾಲದ ಕಾರ್ಡಿನ ಫೋಟೋ ತೆಗೆದಿಡಿ. ಬಡ್ಡಿ ಎಷ್ಟು, ವಿಮೆ ಅಂತ ಏನಾದರೂ ಹಿಡಿದಾರಾ ನೋಡಿ. ಅವ್ವನ ಒಪ್ಪಿಗೆ ಇಲ್ಲದೆ ವಿಮೆ ಹಾಕುವಂತಿಲ್ಲ. ಎಲ್ಲಾ ಕಂತು ಒಂದೇ ಹಾಳೆಯಲ್ಲಿ ಬರೆಯಿರಿ. ಕಟ್ಟೋಕಾಗದಿದ್ದರೆ ಹೊಸ ಸಾಲ ತೆಗೆಯುವ ಮುಂಚೆ, ಕೊಟ್ಟವರ ಹತ್ತಿರವೇ ಅವಧಿ ಕೇಳಿ. ಕಿರುಕುಳ ಇದ್ದರೆ ಸಂಸ್ಥೆಗೆ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಮಾಹಿತಿಗೆ 14448. ಬೆದರಿಕೆ ಹಾಕಿದರೆ ನೇರ ಪೊಲೀಸ್ ಠಾಣೆಗೆ ಹೋಗಿ.

ಸಾಲ ಮಾಡಿದ್ದು ತಪ್ಪಲ್ಲ. ಅದನ್ನು ಅವ್ವ ಒಬ್ಬಳೇ ಹೊರಬೇಕಾಗಿಲ್ಲ, ಅಷ್ಟೇ. ಮುಂದಿನ ಸಂಚಿಕೆಯಲ್ಲಿ ಸಿಗೋಣ.