ಗುಳಿಗೆ ಕೊಟ್ಟರೂ ಮಗುವಿನ ಎಚ್.ಐ.ವಿ. ಹತೋಟಿಗೆ ಬಾರದಿರುವುದು ಏಕೆ?

(ಪಾಲಕರ ಸಭೆಯಲ್ಲಿ ಮಕ್ಕಳ ವೈದ್ಯರು ಆಡಿದ ಮಾತುಗಳು)



ಎಚ್.ಐ.ವಿ. ಸೋಂಕಿರುವ ಮಕ್ಕಳನ್ನು ಸಾಕುತ್ತಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. “ದಿನಾ ಗುಳಿಗಿ ಕೊಡ್ತೀವ್ರಿ, ಹುಡುಗ ಆಡ್ಕೊಂಡು ಚೆಂದ ಅದಾನ. ಆದ್ರೂ ರಕ್ತದಾಗ ವೈರಸ್ ಜಾಸ್ತಿ ಆಗೇತಿ ಅಂತೀರಲ್ಲ, ಹೆಂಗ?” ಇಂದು ಅದಕ್ಕಷ್ಟೇ ಉತ್ತರ ಹೇಳುತ್ತೇನೆ.

ಎ.ಆರ್.ಟಿ. ಔಷಧಿಯು ವೈರಸ್ಸನ್ನು ದೇಹದಿಂದ ಪೂರ್ತಿ ತೆಗೆದುಹಾಕುವುದಿಲ್ಲ. ಅದು ಬೆಳೆಯದಂತೆ ಕಟ್ಟಿಹಾಕುತ್ತದೆ. ಕಟ್ಟು ಬಿಗಿಯಾಗಿದೆಯೇ ಎಂದು ತಿಳಿಯುವುದು ವೈರಲ್ ಲೋಡ್ ಪರೀಕ್ಷೆಯಿಂದ. ನಮ್ಮ ದೇಶದಲ್ಲಿ ಸರ್ಕಾರದ ಉಚಿತ ಎ.ಆರ್.ಟಿ. 2004ರಲ್ಲಿ ಆರಂಭವಾಯಿತು, ಎಲ್ಲರಿಗೂ ವೈರಲ್ ಲೋಡ್ ಪರೀಕ್ಷೆ ಎಂಬ ಯೋಜನೆ ಬಂದದ್ದು 2018ರಲ್ಲಿ. ಅದಕ್ಕೂ ಮುಂಚೆ ತೂಕ, ಸಿ.ಡಿ.4 ನೋಡಿಯೇ ಅಂದಾಜು ಮಾಡುತ್ತಿದ್ದೆವು. ಒಂದು ಮಿಲಿಲೀಟರಿಗೆ 1000ಕ್ಕಿಂತ ಹೆಚ್ಚು ಬಂದರೆ ನಾವು ಎಚ್ಚರಗೊಳ್ಳುತ್ತೇವೆ. ಮಗು ಆಡಿಕೊಂಡಿದ್ದರೂ ಒಳಗೆ ಲೆಕ್ಕ ಏರುತ್ತಿರಬಹುದು. ಅದು ಹೊರಗೆ ಕಾಣಲು ತಿಂಗಳುಗಳೇ ಹಿಡಿಯುತ್ತವೆ.

ಹತ್ತಿ ಬೆಳೆದವರಿಗೆ ಒಂದು ಮಾತು ಗೊತ್ತು. ಅರೆಬರೆ ಎಣ್ಣೆ ಹೊಡೆದರೆ ಎಲ್ಲ ಹುಳ ಸಾಯುವುದಿಲ್ಲ. ತಾಳಿಕೊಂಡು ಉಳಿದವುಗಳ ಸಂತತಿ ಆಮೇಲೆ ಪೂರ್ತಿ ಎಣ್ಣೆಗೂ ಬಗ್ಗುವುದಿಲ್ಲ. ವೈರಸ್ಸಿನದೂ ಇದೇ ಬಗೆ. ರಕ್ತದಲ್ಲಿ ಔಷಧಿ ಕಡಿಮೆಯಾದಾಗಲೆಲ್ಲ ಅದು ಬೆಳೆಯುತ್ತದೆ, ಬೆಳೆಯುತ್ತಾ ರೂಪ ಬದಲಿಸುತ್ತದೆ.

ಔಷಧಿ ಕಡಿಮೆಯಾಗುವುದು ಎಂದರೆ ಮನೆಯವರು ತಪ್ಪಿಸಿದ್ದಾರೆಂದೇ ಅಲ್ಲ. ಇದನ್ನು ನನಗೆ ಕಲಿಸಿದವರು ಒಬ್ಬ ಅಜ್ಜಿ. ತಾಯಿತಂದೆ ಇಲ್ಲದ ಮೊಮ್ಮಗಳನ್ನು ಸಾಕುತ್ತಿದ್ದರು. ವೈರಲ್ ಲೋಡ್ ಏರಿತ್ತು. “ಎಷ್ಟು ದಿನ ತಪ್ಪಿಸಿದಿರಿ?” ಎಂದು ಮೂರು ಸಲ ಕೇಳಿದೆ. “ಒಂದಿನಾನೂ ಇಲ್ಲೋ ಯಪ್ಪಾ” ಎಂದು ಅತ್ತುಬಿಟ್ಟರು. ಆಮೇಲೆ ಮಗುವನ್ನು ತೂಕಕ್ಕೆ ನಿಲ್ಲಿಸಿದೆವು. ಹದಿನೈದು ತಿಂಗಳ ಹಿಂದೆ 9 ಕೆ.ಜಿ. ಇದ್ದವಳು ಈಗ 14 ದಾಟಿದ್ದಳು. ನಡುವೆ ಸೋದರಮಾವ ಒಬ್ಬನೇ ಬಂದು ಗುಳಿಗೆ ಒಯ್ಯುತ್ತಿದ್ದ, ಮಗುವನ್ನು ಯಾರೂ ತೂಗಿರಲಿಲ್ಲ. ಬೆಳೆದ ಮಗುವಿಗೆ ಕೂಸಿನ ಅಳತೆಯ ಔಷಧಿ ಹೋಗುತ್ತಿತ್ತು. ತಪ್ಪು ಗುಳಿಗೆ ಬರೆಯುವ ನಮ್ಮ ಕಡೆಯದು, ಬೈಸಿಕೊಂಡವರು ಅಜ್ಜಿ. ಮಕ್ಕಳ ಎ.ಆರ್.ಟಿ. ಅಳತೆ ತೂಕದ ಮೇಲೆ ನಿಂತಿದೆ: 6ರಿಂದ 10 ಕೆ.ಜಿ.ಯೊಳಗೆ ಒಂದು, 10ರಿಂದ 14ರೊಳಗೆ ಇನ್ನೊಂದು, ಹೀಗೆ. ಆದ್ದರಿಂದ ಗುಳಿಗೆ ಒಯ್ಯಲು ಬರುವಾಗ ಮಗುವನ್ನೂ ಕರೆತನ್ನಿ, ತೂಗಲು ಹೇಳಿ, ನಾವು ಮರೆತರೆ ಕೇಳಿ.

ಇನ್ನು ರುಚಿ. ಹಿಂದೆ ಎಳೆಗೂಸುಗಳಿಗೆ ಕೊಡುತ್ತಿದ್ದ ಲೋಪಿನಾವಿರ್ ಸಿರಪ್ಪು ಬಹಳ ಕಹಿ, ಅದನ್ನು ತಂಪಿನಲ್ಲಿಡಬೇಕಿತ್ತು. ಫ್ರಿಜ್ ಇಲ್ಲದ ಮನೆಯಲ್ಲಿ ಏನು ಮಾಡುವುದು? ಮಕ್ಕಳು ಅರ್ಧ ಉಗುಳುತ್ತಿದ್ದವು. ಈಗ ನೀರಿನಲ್ಲಿ ಕರಗುವ ಡೊಲುಟೆಗ್ರಾವಿರ್ ಗುಳಿಗೆ ಬಂದಿದೆ, ಇದಕ್ಕೆ ವೈರಸ್ ಬಗ್ಗದಿರುವುದು ಅಪರೂಪ. ಆದರೂ ಮಗು ಉಗುಳಿದರೆ, ವಾಂತಿ ಮಾಡಿಕೊಂಡರೆ ಮುಚ್ಚಿಡದೆ ಹೇಳಿ.

ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಔಷಧಿಗೆ ಬಗ್ಗದ ವೈರಸ್ ಬಂದಿರುತ್ತದೆ. ಹಿಂದೆ ಹೆರಿಗೆಯ ಹೊತ್ತಿಗೆ ತಾಯಿಗೂ ಕೂಸಿಗೂ ಒಂದೊಂದು ಸಲ ನೆವಿರಾಪಿನ್ ಕೊಡುವ ಪದ್ಧತಿಯಿತ್ತು. ಅದು ಎಷ್ಟೋ ಕೂಸುಗಳನ್ನು ಉಳಿಸಿತು. ಆದರೂ ಸೋಂಕು ತಗುಲಿದ ಕೂಸುಗಳಲ್ಲಿ ಹಲವಕ್ಕೆ ಮುಂದೆ ಅದೇ ಔಷಧಿ ನಾಟಲಿಲ್ಲ. ತಾಯಿ ಯಾವ ಯಾವ ಗುಳಿಗೆ ತೆಗೆದುಕೊಂಡಿದ್ದಳೆಂದು ನಾವು ಕೇಳುವುದು ಇದಕ್ಕೇ. ಎಳೆಗೂಸುಗಳಲ್ಲಿ ವೈರಸ್ಸಿನ ಪ್ರಮಾಣವೂ ಬಹಳ ಹೆಚ್ಚಿರುತ್ತದೆ, ಇಳಿಯಲು ಹೆಚ್ಚು ಕಾಲ ಬೇಕು.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಡೊಲುಟೆಗ್ರಾವಿರ್‌ನ ಶಕ್ತಿಯನ್ನು ತಗ್ಗಿಸುತ್ತದೆ. ಎರಡೂ ನಡೆದಾಗ ಡೊಲುಟೆಗ್ರಾವಿರನ್ನು ದಿನಕ್ಕೆ ಎರಡು ಸಲ ಕೊಡಬೇಕಾಗುತ್ತದೆ. ಕಬ್ಬಿಣದ ಟಾನಿಕ್, ಕ್ಯಾಲ್ಸಿಯಂ, ಎದೆಯುರಿಯ ಔಷಧಿ ಕೊಡುತ್ತಿದ್ದರೂ ಹೇಳಿ. ಹೊತ್ತು ಹೊಂದಿಸಿ ಕೊಡುತ್ತೇವೆ.

ಹತ್ತು ದಾಟಿದ ಮಕ್ಕಳ ವಿಷಯವೇ ಬೇರೆ. “ರಕ್ತ ಕಡಿಮೆ ಅದ, ಅದಕ್ಕ ಗುಳಿಗಿ” ಎಂದು ಹೇಳಿ ಬೆಳೆಸಿರುತ್ತೀರಿ. ಮಗು ಒಂದು ದಿನ ಯೋಚಿಸುತ್ತದೆ: ಅಣ್ಣನಿಗಿಲ್ಲದ ಗುಳಿಗೆ ನನಗೇಕೆ? ಹಾಸಿಗೆ ಕೆಳಗೆ ಗುಳಿಗೆ ಸಿಗತೊಡಗುತ್ತವೆ. ಹಾಸ್ಟೆಲ್‌ನಲ್ಲಿ ಗೆಳೆಯರೆದುರು ಡಬ್ಬಿ ತೆಗೆಯಲು ನಾಚಿಕೆ. 6ರಿಂದ 12 ವರ್ಷದೊಳಗೆ, ವಯಸ್ಸಿಗೆ ತಕ್ಕಂತೆ ಸ್ವಲ್ಪ ಸ್ವಲ್ಪವಾಗಿ ನಿಜ ತಿಳಿಸುವುದು ಒಳ್ಳೆಯದು. ಒಬ್ಬರೇ ಹೇಳಲು ಧೈರ್ಯ ಸಾಲದಿದ್ದರೆ ಆಪ್ತಸಮಾಲೋಚಕರು ಜೊತೆಗಿರುತ್ತಾರೆ. ಈ ಕಾರಣಕ್ಕೆ ಶಾಲೆಯವರು ಮಗುವನ್ನು ಹೊರಗಿಡುವಂತಿಲ್ಲ, 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ.

ಲೆಕ್ಕ 1000 ದಾಟಿದ ಕೂಡಲೇ ಔಷಧಿ ಬದಲಿಸುವುದಿಲ್ಲ. ಮೂರು ತಿಂಗಳು ಕೂತು ಮಾತಾಡಿ, ಅಳತೆ, ಹೊತ್ತು ಸರಿಪಡಿಸಿ ಮತ್ತೊಮ್ಮೆ ಪರೀಕ್ಷಿಸುತ್ತೇವೆ. ಬಹಳ ಮಕ್ಕಳಲ್ಲಿ ಅಷ್ಟರಿಂದಲೇ ಇಳಿಯುತ್ತದೆ. ಆ ಅಜ್ಜಿಯ ಮೊಮ್ಮಗಳದೂ ಇಳಿಯಿತು. ಅಳತೆಯೊಂದನ್ನೇ ಬದಲಿಸಿದ್ದೆವು.

ಮುಂದಿನ ಸಲ ಬರುವಾಗ ಡಬ್ಬಿಯಲ್ಲಿ ಉಳಿದ ಗುಳಿಗೆಗಳನ್ನೂ ತನ್ನಿ, ಎಷ್ಟೇ ಉಳಿದಿರಲಿ. ಬೈಯುವುದಿಲ್ಲ.