ಕೆರೆಯ ನೀರು ಕದ್ದವರು ಯಾರು?

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಎಂಟನೆಯ ತರಗತಿಯಲ್ಲಿದ್ದಾಗಿನ ಬೇಸಿಗೆ. ತೂಬು ಮುಚ್ಚಿದ್ದರೂ ನಮ್ಮೂರ ಕೆರೆ ದಿನದಿನಕ್ಕೆ ಇಳಿಯುತ್ತಿತ್ತು. ರಾತ್ರಿ ಯಾರೋ ತೂಬು ಎತ್ತುತ್ತಿದ್ದಾರೆಂದು ಅನುಮಾನ. ಬಾಜೂ ಹೊಲದ ಕಾಕಾ ಮೇಲೆ ಮಾತು ಬಂತು. ನಮ್ಮಪ್ಪ ಕಂಬಳಿ ಹೊದ್ದು ನಾಲ್ಕು ರಾತ್ರಿ ಏರಿಯ ಮೇಲೆ ಕಾವಲು ಕುಳಿತರು. ಕಳ್ಳ ಸಿಗಲಿಲ್ಲ, ನೀರು ಇಳಿಯುವುದೂ ನಿಲ್ಲಲಿಲ್ಲ. ಎರಡು ಮನೆಗಳ ನಡುವೆ ಮಾತು ಮಾತ್ರ ನಿಂತುಹೋಯಿತು.

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ಲಡಾಖ್‌ಗೆ ಹೋಗಿದ್ದೆ. ಅಲ್ಲಿ 4,200 ಮೀಟರಿಗೂ ಎತ್ತರದಲ್ಲಿ ಪ್ಯಾಂಗಾಂಗ್ ಸರೋವರವಿದೆ. ಹಿಮ ಕರಗಿದ ನೀರು ಒಳಗೆ ಬರುತ್ತದೆ. ಹೊರಗೆ ಹರಿಯುವ ಹೊಳೆ ಒಂದೂ ಇಲ್ಲ. ಆದರೂ ಅದು ತುಂಬಿ ಹರಿಯುವುದಿಲ್ಲ. ಅದು ಚಳಿಯ ನಾಡಾದರೂ ಗಾಳಿ ಒಣ, ಬಿಸಿಲು ಚುರುಕು. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಒಳಹರಿವು ಹೆಚ್ಚಾದರೆ ಸರೋವರ ಹರಡುತ್ತದೆ. ಹರಡಿದಷ್ಟೂ ಆವಿ ಹೆಚ್ಚುತ್ತದೆ. ಕೊನೆಗೆ ಜಮಾ ಖರ್ಚು ಸರಿಹೋಗುತ್ತದೆ.

ಆ ದಡದಲ್ಲಿ ನಿಂತಾಗ ನನಗೆ ಅಪ್ಪನ ಕಂಬಳಿ ನೆನಪಾಯಿತು. ಬೇಸಿಗೆಯಲ್ಲಿ ನಮ್ಮ ಕೆರೆಯೂ ಹಾಗೆಯೇ. ಕೋಡಿ ಒಣಗಿದೆ, ತೂಬು ಮುಚ್ಚಿದೆ. ಒಂದಷ್ಟು ನೀರು ನೆಲಕ್ಕೆ ಇಂಗಿ ಬಾವಿಗಳಿಗೆ ಸೇರುತ್ತದೆ. ಉಳಿದದ್ದು ಆಕಾಶಕ್ಕೆ.

ಲೆಕ್ಕ ಸರಳ. ದಿನಕ್ಕೆ 5 ಮಿಲಿಮೀಟರ್ ಆರಿದರೆ ತಿಂಗಳಿಗೆ ಅರ್ಧ ಅಡಿ. ಒಂದು ಎಕರೆ ನೀರಿನಿಂದ ದಿನಕ್ಕೆ ಸುಮಾರು 20,000 ಲೀಟರ್, ಅಂದರೆ 5,000 ಲೀಟರಿನ ನಾಲ್ಕು ಟ್ಯಾಂಕರ್. 40 ಎಕರೆ ಕೆರೆಯಾದರೆ ದಿನಕ್ಕೆ 8 ಲಕ್ಷ ಲೀಟರ್! ಹಾವೇರಿಯ ಹೆಗ್ಗೇರಿಯಾಗಲಿ, ನಮ್ಮೂರ ಸಣ್ಣ ಕೆರೆಯಾಗಲಿ, ಸೂರ್ಯನಿಗೆ ಭೇದವಿಲ್ಲ. ನಮ್ಮ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 750 ಮಿಲಿಮೀಟರ್. ತೆರೆದ ನೀರು ಆರುವುದು ಅದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಕೆರೆಯ ಮೇಲೆ ಬಿದ್ದ ಮಳೆಯಷ್ಟೇ ಸಾಲದು. ನೀರು ತರುವ ಹಳ್ಳ, ಕಾಲುವೆ ತೆರೆದಿರಬೇಕು.

ಇನ್ನೊಂದು ಮಾತು. ಅಷ್ಟೇ ನೀರು 10 ಎಕರೆಯಲ್ಲಿ 3 ಮೀಟರ್ ಆಳ ನಿಂತರೆ ಆರುವುದಕ್ಕಿಂತ, 20 ಎಕರೆಯಲ್ಲಿ ಒಂದೂವರೆ ಮೀಟರ್ ನಿಂತರೆ ಎರಡರಷ್ಟು ಆರುತ್ತದೆ. ಹೂಳು ತುಂಬಿ ಕೆರೆ ತಟ್ಟೆಯಂತಾದರೆ ನಾವೇ ಬಿಸಿಲಿಗೆ ನೀರು ಬಡಿಸಿದಂತೆ.

ಮಕ್ಕಳೇ, ತೂಬಿನ ಹತ್ತಿರ ಒಂದು ಅಳತೆಗೋಲು ನಿಲ್ಲಿಸೋಣ. ಶಾಲೆಯ ಅಂಗಳದಲ್ಲಿ ಒಂದು ಅಗಲ ಪಾತ್ರೆಯಲ್ಲಿ ನೀರಿಟ್ಟು ದಿನಾ ಅಳೆಯಿರಿ. ಪಾತ್ರೆ ಬೇಗ ಕಾಯುತ್ತದೆ. ಕೆರೆಯಲ್ಲಿ ಆರುವುದು ಸುಮಾರು ಅದರ ನೂರಕ್ಕೆ ಎಪ್ಪತ್ತು ಪಾಲು. ಕೆರೆ ಇಳಿದದ್ದರಲ್ಲಿ ಅದನ್ನು ಕಳೆದರೆ, ಇಂಗಿದ್ದು ಮತ್ತು ಬಳಸಿದ್ದು ಉಳಿಯುತ್ತದೆ. ಗೋಲು, ಪಾತ್ರೆ, ನೋಟ್‌ಬುಕ್ಕಿನ ಖರ್ಚು ನನ್ನದು. ಲೆಕ್ಕ ಇದ್ದರೆ ಜಗಳ ಇರುವುದಿಲ್ಲ.

ಅಪ್ಪ ಈಗಿಲ್ಲ. ಕಾಕಾ ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಕಾಕಾ, ನೀರು ಕದ್ದವರು ನೀವಲ್ಲ. ನಮ್ಮ ಮನೆಯ ಪರವಾಗಿ ಕ್ಷಮೆ ಕೇಳುತ್ತೇನೆ.